ಸ್ವಿಚ್ಚು ಅಪ್ಪಣೆ ಕೊಡಲಿ, ಹೊರೆಯನ್ನು ರಿಲೇ ಹೊರಲಿ: ಗಾಡಿಗೆ ಹೆಚ್ಚುವರಿ ದೀಪ ಹಾಕಿಸುವ ಮುನ್ನ

ಮಳೆಗಾಲದ ಸಂಜೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರಿಗೆ ಆ ಮಂಜು ಗೊತ್ತು. ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಡಿಮ್ ಮಾಡಿದರೆ ರಸ್ತೆಯಂಚಿನ ಗೆರೆ ಕಂಡೂ ಕಾಣದ ಹಾಗೆ. ಕೆಲವು ವರ್ಷಗಳ ಹಿಂದೆ ಇಂಥ ಸಂಜೆಗಳಿಗೆಂದೇ ನನ್ನ ಹಳೆಯ ಜೀಪಿಗೆ ಎರಡು ಫಾಗ್ ಲ್ಯಾಂಪು ಹಾಕಿಸಿದೆ, ತಲಾ 55 ವ್ಯಾಟ್. ಡ್ಯಾಶ್‌ಬೋರ್ಡಿಗೆ ಹೊಸ ತೂತು ಕೊರೆಯುವುದು ನನಗೆ ಇಷ್ಟವಿರಲಿಲ್ಲ. ಹೆಡ್‌ಲೈಟಿನ ಸ್ವಿಚ್ಚಿನಲ್ಲೇ ಇವೂ ಹೊತ್ತಲಿ ಅಂದೆ. ಎಲೆಕ್ಟ್ರಿಷಿಯನ್ ಸ್ವಿಚ್ಚಿನ ಹಿಂದಿನ ವೈರನ್ನು ಹೆರೆದು, ಹೊಸ ವೈರನ್ನು ಸುತ್ತಿ, ಟೇಪು ಹಾಕಿಕೊಟ್ಟರು. ಅರ್ಧ ಗಂಟೆಯ ಕೆಲಸ. ದೀಪಗಳು ಚೆನ್ನಾಗಿಯೇ ಹೊತ್ತಿದವು.

ಮೂರನೆಯ ವಾರ ಘಾಟಿಯ ನಡುಭಾಗದಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಯಾವ ತಿರುವಿನಲ್ಲಿ ಗಾಡಿ ನಿಲ್ಲಿಸಲಿ ಎಂದು ನೋಡುವಷ್ಟರಲ್ಲಿ ಫಾಗ್ ಲ್ಯಾಂಪೂ ಹೋಯಿತು, ಹೆಡ್‌ಲೈಟೂ ಹೋಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಹಿಂದಿನಿಂದ ಲಾರಿಯ ಸದ್ದು. ಹಜಾರ್ಡ್ ಲೈಟು ಮಾತ್ರ ಮಿಣುಕುತ್ತಿತ್ತು. ಆವತ್ತು ನನಗೂ ನನ್ನ ಜೊತೆಗಿದ್ದವರಿಗೂ ಏನೂ ಆಗಲಿಲ್ಲ. ಆದರೆ ಗಾಡಿಯ ವೈರಿಂಗಿನ ಬಗ್ಗೆ ನಾನು ಓದಲು ಶುರು ಮಾಡಿದ್ದು ಆ ರಾತ್ರಿಯಿಂದ. ಮಲೆನಾಡಿನಲ್ಲಿ ಹೆಚ್ಚುವರಿ ದೀಪ ಹಾಕಿಸುವವರು ಬಹಳ. ಅವರಲ್ಲಿ ಅನೇಕರ ಗಾಡಿಯಲ್ಲಿ ಇಂದಿಗೂ ನನ್ನ ಆ ಹಳೆಯ ವೈರಿಂಗೇ ಇದೆ. ಇದನ್ನು ಬರೆಯುತ್ತಿರುವುದು ಅದಕ್ಕಾಗಿ.

ಸ್ವಿಚ್ಚಿನೊಳಗೆ ನಡೆದದ್ದು

ಲೆಕ್ಕ ಸಣ್ಣದು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 55 ವ್ಯಾಟಿನ ಎರಡು ದೀಪ ಸೇರಿ 110 ವ್ಯಾಟ್. 12 ವೋಲ್ಟಿಗೆ ಅದು ಸುಮಾರು 9.2 ಆಂಪಿಯರ್. ನನ್ನ ಜೀಪಿನ ಹೆಡ್‌ಲೈಟಿನಲ್ಲಿದ್ದದ್ದು ಡಿಮ್, ಹೈಬೀಮ್ ಎರಡೂ ಒಂದರಲ್ಲೇ ಇರುವ ಮೂರು ಪಿನ್ನಿನ ಎಚ್‌4 ಬಲ್ಬು, ಡಿಮ್‌ನಲ್ಲಿ ಅವೂ ತಲಾ 55 ವ್ಯಾಟ್. ಅಂದರೆ ಕಂಪನಿಯವರು 9 ಆಂಪಿಯರಿಗೆಂದು ಲೆಕ್ಕ ಹಾಕಿ ಕೂರಿಸಿದ್ದ ಸ್ವಿಚ್ಚಿನ ಮೂಲಕ ನಾನು 18 ಆಂಪಿಯರ್ ಹರಿಸುತ್ತಿದ್ದೆ. ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ವಿಚ್ಚಿನೊಳಗಿಂದಲೇ ಹಾದುಹೋಗುವುದು ಸಾಮಾನ್ಯ.

ಕರೆಂಟು ಎರಡರಷ್ಟಾದರೆ ಬಿಸಿಯೂ ಎರಡರಷ್ಟಾಗುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ, ನಾಲ್ಕರಷ್ಟಾಗುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ. ಸ್ವಿಚ್ಚಿನೊಳಗೆ ಎರಡು ಲೋಹದ ಮೂತಿಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ 0.02 ಓಮ್‌ನಷ್ಟು ತಡೆ ಇದೆ ಎನ್ನೋಣ. 9 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಬಿಸಿ ಸುಮಾರು 1.6 ವ್ಯಾಟ್. 18 ಆಂಪಿಯರ್ ಹರಿದರೆ ಸುಮಾರು 6.5 ವ್ಯಾಟ್. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಅಷ್ಟು ಬಿಸಿ ಗಂಟೆಗಟ್ಟಲೆ ನಿಂತರೆ ಲೋಹ ಕಪ್ಪಾಗುತ್ತದೆ. ಕಪ್ಪಾದರೆ ತಡೆ ಇನ್ನೂ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಬಿಸಿ. ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ ಕರಗಿ, ಮೂತಿಗಳು ಒಂದರಿಂದೊಂದು ದೂರವಾಗುತ್ತವೆ. ನನ್ನ ಸ್ವಿಚ್ಚನ್ನು ಬಿಚ್ಚಿ ನೋಡಿದಾಗ ಒಳಗೆ ಹೀಗೇ ಆಗಿತ್ತು.

ಫ್ಯೂಸು ಯಾಕೆ ಹೋಗಲಿಲ್ಲ? ಆ ಗಾಡಿಯಲ್ಲಿ ಹೆಡ್‌ಲೈಟಿನ ಫ್ಯೂಸು ಇದ್ದದ್ದು ಸ್ವಿಚ್ಚು ದಾಟಿದ ಮೇಲೆ. ಹೊಸ ವೈರು ಸ್ವಿಚ್ಚಿನ ಬಾಯಲ್ಲೇ ಸೇರಿಕೊಂಡಿತ್ತು. ಹಾಗಾಗಿ ಫಾಗ್ ಲ್ಯಾಂಪಿನ ಕರೆಂಟು ಫ್ಯೂಸಿನ ದಾರಿಗೆ ಬರಲೇ ಇಲ್ಲ.

ಇನ್ನೊಂದು ನಷ್ಟವೂ ಆಗುತ್ತಿತ್ತು, ಅದು ಕಣ್ಣಿಗೆ ಬೀಳದ್ದು. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ಚು ದಾಟಿ, ಮತ್ತೆ ಬಂಪರಿನವರೆಗೆ ಹೋಗುವ ದಾರಿ ಸುಲಭವಾಗಿ 6 ಮೀಟರ್ ಆಗುತ್ತದೆ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಾದರೆ ಅಷ್ಟು ಉದ್ದಕ್ಕೆ ಸುಮಾರು 0.11 ಓಮ್. ಅದರಲ್ಲಿ 9.2 ಆಂಪಿಯರ್ ಹರಿದರೆ ದಾರಿಯಲ್ಲೇ 1 ವೋಲ್ಟ್ ಕಳೆದುಹೋಗುತ್ತದೆ. ಒಂದು ವೋಲ್ಟ್ ತಾನೇ ಎನ್ನಬೇಡಿ. ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಜೋರಾಗಿ ಇಳಿಯುತ್ತದೆ. 12 ವೋಲ್ಟಿನ ಬದಲು 11 ಸಿಕ್ಕರೆ ಬೆಳಕಿನ ಕಾಲುಭಾಗವೇ ಹೋಯಿತು. ಹೆಚ್ಚು ಬೆಳಕಿಗೆಂದು ಹಣ ಕೊಟ್ಟು, ಅದರ ಕಾಲುಭಾಗವನ್ನು ವೈರಿನಲ್ಲೇ ಕಳೆದುಕೊಳ್ಳುತ್ತಿದ್ದೆ. ಬೆಳಕು ಸಾಲದೆಂದು ಇಂಥ ವೈರಿಗೇ 100 ವ್ಯಾಟಿನ ಬಲ್ಬು ಹಾಕುವವರೂ ಇದ್ದಾರೆ. ಆಗ ವೈರು ಇನ್ನಷ್ಟು ಬಿಸಿಯಾಗುತ್ತದೆ.

ನೀರುಗಂಟಿಯ ಕೆಲಸ

ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬಿಡುವ ಕ್ರಮ ನೆನಪಿಸಿಕೊಳ್ಳಿ. ಇವತ್ತು ಮೇಲಿನ ಬಯಲಿಗೆ ನೀರು ಬಿಡು ಎಂದು ಊರಿನ ಹಿರಿಯರು ಒಂದು ಮಾತು ಹೇಳುತ್ತಾರೆ. ನೀರುಗಂಟಿ ಹೋಗಿ ತೂಬು ಎತ್ತುತ್ತಾನೆ. ನೀರು ಕೆರೆಯಿಂದ ನೇರವಾಗಿ ಕಾಲುವೆಗೆ ಹರಿಯುತ್ತದೆ, ಹೇಳಿದವರ ಮನೆಯ ಅಂಗಳಕ್ಕೆ ಬಂದು ಹೋಗುವುದಿಲ್ಲ. ರಿಲೇ ಎಂಬ ಆ ಕಪ್ಪು ಚೌಕದ ಡಬ್ಬಿ ಗಾಡಿಯ ನೀರುಗಂಟಿ. ಸ್ವಿಚ್ಚಿನದು ಅಪ್ಪಣೆ ಮಾತ್ರ. ಕರೆಂಟು ಬ್ಯಾಟರಿಯಿಂದ ರಿಲೇ ಮೂಲಕ ನೇರವಾಗಿ ದೀಪಕ್ಕೆ ಹೋಗುತ್ತದೆ.

ಡಬ್ಬಿಯೊಳಗೆ ಎರಡು ಬೇರೆ ಬೇರೆ ಸಂಸಾರಗಳಿವೆ. ಒಂದು, ಕಬ್ಬಿಣದ ತುಂಡಿಗೆ ಸಣ್ಣ ತಂತಿ ಸುತ್ತಿದ ಕಾಯಿಲ್. ಅದರಲ್ಲಿ ಕರೆಂಟು ಹರಿದಾಗ ಅದು ಅಯಸ್ಕಾಂತವಾಗುತ್ತದೆ. ಇನ್ನೊಂದು, ಆ ಅಯಸ್ಕಾಂತ ಎಳೆದಾಗ ಮುಚ್ಚಿಕೊಳ್ಳುವ ಗಟ್ಟಿ ಲೋಹದ ಮೂತಿಗಳು. ಸಾಮಾನ್ಯ 12 ವೋಲ್ಟಿನ ರಿಲೇಯ ಕಾಯಿಲ್ 85 ಓಮ್‌ನ ಆಸುಪಾಸಿನಲ್ಲಿರುತ್ತದೆ, ಎಳೆಯುವುದು 0.14 ಆಂಪಿಯರ್. ಅದರ ಮೂತಿಗಳು 30 ಆಂಪಿಯರ್ ತಡೆದುಕೊಳ್ಳುತ್ತವೆ. ನನ್ನ ಫಾಗ್ ಲ್ಯಾಂಪಿನ 9.2 ಆಂಪಿಯರನ್ನು ಈ 0.14ಕ್ಕೆ ಹೋಲಿಸಿ ನೋಡಿ, 65 ಪಟ್ಟು ಕಡಿಮೆ. ಕಂಪನಿಯ ಸ್ವಿಚ್ಚಿಗೆ ಅದು ಭಾರವೇ ಅಲ್ಲ.

ರಿಲೇಯ ಅಡಿಯಲ್ಲಿರುವ ಅಂಕಿಗಳನ್ನು ಒಮ್ಮೆ ಕಲಿತರೆ ಸಾಕು, ಬಹಳಷ್ಟು ಗಾಡಿಗಳಿಗೆ ಅದೇ. ಡಿಐಎನ್ 72552 ಎಂಬ ಜರ್ಮನ್ ಮಾನದಂಡದಿಂದ ಬಂದ ಅಂಕಿಗಳಿವು. 30 ಎಂದರೆ ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸು ದಾಟಿ ನೇರವಾಗಿ ಬರುವ ವೈರು. 87 ಎಂದರೆ ದೀಪಕ್ಕೆ ಹೋಗುವ ವೈರು. 86 ಮತ್ತು 85 ಕಾಯಿಲಿನ ಎರಡು ತುದಿಗಳು. 86ಕ್ಕೆ ಸ್ವಿಚ್ಚಿನ ಅಪ್ಪಣೆ, 85ಕ್ಕೆ ಬಾಡಿ ಅರ್ತ್, ಅಂದರೆ ಕರೆಂಟು ವಾಪಸ್ಸು ಹೋಗಲು ಗಾಡಿಯ ಲೋಹದ ಮೈಗೆ ಸೇರಿಸುವ ವೈರು. ಐದು ಕಾಲಿನ ರಿಲೇ ಸಿಕ್ಕರೆ ನಡುವಿನ ಕಾಲಿನ ಅಂಕಿ ಓದಿ. ಕೆಲವದರಲ್ಲಿ ಅದೂ 87. ಬಹಳಷ್ಟರಲ್ಲಿ 87ಎ, ಅದು ಸ್ವಿಚ್ಚು ಆಫ್ ಇದ್ದಾಗ ಹೊತ್ತುವ ಕಾಲು. ದೀಪದ ವೈರು ಅಲ್ಲಿಗೆ ಸೇರಿದರೆ ಗಾಡಿ ನಿಲ್ಲಿಸಿ ಮಲಗಿದ ಮೇಲೆ ದೀಪ ಉರಿಯುತ್ತಾ ಕೂರುತ್ತದೆ, ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ.

ಕಾಯಿಲಿಗೆ ಒಂದು ಕೆಟ್ಟ ಗುಣವಿದೆ. ಸ್ವಿಚ್ಚು ಆಫ್ ಆದ ಕ್ಷಣದಲ್ಲಿ ಅದರ ಅಯಸ್ಕಾಂತ ಕುಸಿಯುವಾಗ ಉಲ್ಟಾ ದಿಕ್ಕಿನಲ್ಲಿ ಒಂದು ವೋಲ್ಟೇಜ್ ಏಟು ಕೊಡುತ್ತದೆ. 12 ವೋಲ್ಟಿನ ಕಾಯಿಲಿನಿಂದ ಹುಟ್ಟಿದರೂ ಅದು ನೂರು ವೋಲ್ಟನ್ನು ಮೀರಬಹುದು. ಹಳೆಯ ಸ್ವಿಚ್ಚಿನಲ್ಲಿ ಅದೊಂದು ಸಣ್ಣ ಕಿಡಿ. ಹೊಸ ಗಾಡಿಯ ಕಂಪ್ಯೂಟರಿಗೆ ಅದು ದಿನಾ ಬೀಳುವ ಪೆಟ್ಟು. ಹೀಗಾಗಿ ಕಾಯಿಲಿಗೆ ಅಡ್ಡಲಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಅಥವಾ ರೆಸಿಸ್ಟರ್ ಒಳಗೇ ಇರುವ ರಿಲೇ ಕೇಳಿ ತೆಗೆದುಕೊಳ್ಳಿ. ಸಿಗದಿದ್ದರೆ 1ಎನ್4007 ಡಯೋಡನ್ನು ಹೊರಗಿನಿಂದ ಬೆಸೆಯಬಹುದು. ಬಿಳಿ ಪಟ್ಟಿ ಇರುವ ತುದಿ ಪಾಸಿಟಿವ್ ಕಡೆಗೆ. ಡಯೋಡ್ ಇದ್ದಾಗ 85 ಮತ್ತು 86 ಅದಲುಬದಲು ಆಗಬಾರದು. ಡಯೋಡ್ ಇಲ್ಲದ ರಿಲೇಗೆ ಅದು ಹೇಗಿದ್ದರೂ ನಡೆಯುತ್ತದೆ.

ಅಪ್ಪಣೆ ಎಲ್ಲಿಂದ ತೆಗೆಯಬೇಕು

ರಿಲೇ ಹಾಕಿದರೆ ಕೆಲಸ ಮುಗಿಯಿತು ಎನ್ನುವವರ ಜೊತೆ ನನ್ನ ತಕರಾರು ಶುರುವಾಗುವುದು ಇಲ್ಲಿ. 86ರ ಆ ಸಣ್ಣ ವೈರನ್ನು ಎಲ್ಲಿಗೆ ಸೇರಿಸುತ್ತೀರಿ ಎಂಬುದರ ಮೇಲೆ ದೀಪದ ನಡತೆ ನಿಂತಿದೆ.

ದೂರಕ್ಕೆ ಬೆಳಕು ಎಸೆಯುವ ಡ್ರೈವಿಂಗ್ ಲೈಟಾದರೆ ಅಪ್ಪಣೆ ಹೈಬೀಮ್ ವೈರಿನಿಂದಲೇ ಬರಬೇಕು. ಎದುರಿಗೆ ಗಾಡಿ ಬಂದಾಗ ನೀವು ಡಿಮ್ ಮಾಡುತ್ತೀರಿ, ಅದೇ ಬೆರಳಿನ ಕೆಲಸಕ್ಕೆ ಹೆಚ್ಚುವರಿ ದೀಪವೂ ಆರಿಹೋಗುತ್ತದೆ. ಬೇರೆ ಸ್ವಿಚ್ಚು ಹುಡುಕಿಕೊಂಡು ಕೈ ಹೋಗಬೇಕಾಗಿಲ್ಲ. ಬರಿಯ ಬ್ಯಾಟರಿಯಿಂದ ಅಪ್ಪಣೆ ತೆಗೆದು ಬೇರೆ ಸ್ವಿಚ್ಚು ಇಟ್ಟರೆ, ತಿರುವಿನಲ್ಲಿ ಧುತ್ತೆಂದು ಬಂದ ಬಸ್ಸಿನ ಚಾಲಕನ ಕಣ್ಣಿಗೆ ಅದು ಎರಡು ಮೂರು ಸೆಕೆಂಡು ಹೆಚ್ಚಾಗಿ ಬಡಿಯುತ್ತದೆ. ಘಾಟಿಯಲ್ಲಿ ಅಷ್ಟು ಸಾಕು.

ಫಾಗ್ ಲ್ಯಾಂಪಿಗೆ ಲೆಕ್ಕ ಬೇರೆ. ಅದು ಹೈಬೀಮ್ ಜೊತೆ ಹೊತ್ತಿ ಪ್ರಯೋಜನವಿಲ್ಲ. ಮಂಜಿನ ಹನಿಗಳು ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತವೆ. ನಿಮ್ಮ ಕಣ್ಣಿನ ಮಟ್ಟದಲ್ಲಿ ಹೊರಟ ಬೆಳಕು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಫಾಗ್ ಲ್ಯಾಂಪು ಬಂಪರಿನ ಕೆಳಭಾಗದಲ್ಲಿ ಕೂತು, ಮೇಲಂಚು ಕತ್ತರಿಸಿದಂಥ ಅಗಲವಾದ ಬೆಳಕನ್ನು ನೆಲಕ್ಕೆ ಹಾಸುವುದು ಇದನ್ನು ತಪ್ಪಿಸಲು. ಹಾಗಾಗಿ ಅದರ ಅಪ್ಪಣೆಯನ್ನು ಪಾರ್ಕಿಂಗ್ ಲೈಟಿನ ವೈರಿನಿಂದ ತೆಗೆದು, ನಡುವೆ ಫಾಗ್ ಸ್ವಿಚ್ಚು ಇಡಬೇಕು. ಆಗ ಮಂಜಿನಲ್ಲಿ ಹೆಡ್‌ಲೈಟಿನ ಹಂಗಿಲ್ಲದೆ ಹೊತ್ತಿಸಬಹುದು. ಗಾಡಿ ನಿಲ್ಲಿಸಿ ಲೈಟಿನ ಸ್ವಿಚ್ಚು ಆಫ್ ಮಾಡಿದರೆ ತಾನಾಗಿ ಆರುತ್ತದೆ.

ಅನೇಕ ಗಾಡಿಗಳ ಕಡಿಮೆ ಬೆಲೆಯ ಮಾಡೆಲಿನಲ್ಲಿ ಫಾಗ್ ಸ್ವಿಚ್ಚಿನ ಜಾಗಕ್ಕೆ ಬರೀ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದರ ಹಿಂದೆ ಕೆಲವೊಮ್ಮೆ ಕನೆಕ್ಟರೂ ಇರುತ್ತದೆ, ಬಂಪರಿನ ಹಿಂದೆ ದೀಪದ ಪಿನ್ನೂ ಜೋತುಬಿದ್ದಿರುತ್ತದೆ. ಹೊಸ ಸ್ವಿಚ್ಚಿಗೆ ತೂತು ಕೊರೆಯುವ ಮುನ್ನ ಆ ಮುಚ್ಚಳ ತೆಗೆದು ನೋಡಿ. ಮೇಲಿನ ಮಾಡೆಲಿನ ಸ್ವಿಚ್ಚು ತಂದು ಕೂರಿಸಿದರೆ ಕಂಪನಿಯ ಕೆಲಸದ ಹಾಗೇ ಇರುತ್ತದೆ.

ಈಗ ಒಂದು ಮೋಸದ ಜಾಗ. ಹೈಬೀಮ್ ವೈರಿಗೆ 12 ವೋಲ್ಟ್ ಬಂದಾಗ ದೀಪ ಹೊತ್ತುತ್ತದೆ ಎಂದು ನಾವು ನಂಬಿರುತ್ತೇವೆ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಜಪಾನಿ ವಿನ್ಯಾಸದವುಗಳಲ್ಲಿ, ಬಲ್ಬಿನ ಮೂರನೆಯ ಪಿನ್ನಿಗೆ ಪಾಸಿಟಿವ್ ಇರುತ್ತದೆ, ಸ್ವಿಚ್ಚು ಅರ್ತನ್ನು ಸೇರಿಸಿ ಬಿಡಿಸಿ ಮಾಡುತ್ತದೆ. ಅಂಥ ಗಾಡಿಯಲ್ಲಿ ಡಿಮ್ ಹೊತ್ತಿರುವಾಗ ಹೈಬೀಮ್ ವೈರಿನಲ್ಲಿ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಬಲ್ಬಿನ ತಂತಿಯ ಮೂಲಕ ಅಲ್ಲಿಗೂ ಪಾಸಿಟಿವ್ ಬಂದಿರುತ್ತದೆ. ಹೈಬೀಮ್ ಹಾಕಿದಾಗ ಅದು ಸೊನ್ನೆಗೆ ಇಳಿಯುತ್ತದೆ. ಮಾಮೂಲಿ ರೀತಿಯಲ್ಲಿ 86 ಅನ್ನು ಅಲ್ಲಿಗೆ, 85 ಅನ್ನು ಬಾಡಿ ಅರ್ತಿಗೆ ಕೊಟ್ಟರೆ ದೀಪ ಉಲ್ಟಾ ನಡೆಯುತ್ತದೆ, ಡಿಮ್ ಮಾಡಿದಾಗ ಹೊತ್ತಿ ಹೈಬೀಮಿಗೆ ಆರುತ್ತದೆ. ಪರಿಹಾರ ಸುಲಭ: 86 ಅನ್ನು ಬಲ್ಬಿನ ಪಾಸಿಟಿವ್ ಪಿನ್ನಿಗೆ, 85 ಅನ್ನು ಹೈಬೀಮ್ ವೈರಿಗೆ. ಬಲ್ಬು ಕನೆಕ್ಟರಿನಲ್ಲೇ ಇರುವಾಗ ಮೀಟರ್ ಹಿಡಿದು ಡಿಮ್ ಡಿಪ್ ಮಾಡಿ ನೋಡಿದರೆ ಎರಡು ನಿಮಿಷದಲ್ಲಿ ಯಾವ ಜಾತಿಯದೆಂದು ಗೊತ್ತಾಗುತ್ತದೆ. ನೋಡದೆ ವೈರು ಹೆರೆಯಲು ಬಿಡಬೇಡಿ.

ಹೊಸ ಗಾಡಿಗಳಲ್ಲಿ

ಇತ್ತೀಚಿನ ಕಾರುಗಳ ಸ್ವಿಚ್ಚಿನಲ್ಲಿ ದೀಪದ ಕರೆಂಟೇ ಇರುವುದಿಲ್ಲ. ಅದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ, ದೀಪ ಹೊತ್ತಿಸುವುದು ಆ ಕಂಪ್ಯೂಟರ್. ಎಷ್ಟೋ ಗಾಡಿಗಳಲ್ಲಿ ಸ್ಟೀರಿಂಗ್ ಪಕ್ಕದ ಕಡ್ಡಿಯಿಂದ ಒಂದೇ ಸಣ್ಣ ವೈರು ಹೊರಡುತ್ತದೆ. ಕಡ್ಡಿಯ ಒಂದೊಂದು ಸ್ಥಾನಕ್ಕೆ ಒಂದೊಂದು ರೆಸಿಸ್ಟರ್. ಬರುವ ವೋಲ್ಟೇಜ್ ಎಷ್ಟೆಂದು ಅಳೆದು ಪಾರ್ಕಿಂಗೋ ಡಿಮ್ಮೋ ಫಾಗೋ ಎಂದು ಕಂಪ್ಯೂಟರ್ ಅರ್ಥ ಮಾಡಿಕೊಳ್ಳುತ್ತದೆ. ಆ ವೈರಿಗೆ ರಿಲೇಯ ಕಾಯಿಲ್ ಸೇರಿಸಿದರೂ ಲೆಕ್ಕ ಕೆಡುತ್ತದೆ. ಡಿಮ್ ಹಾಕಿದರೆ ಪಾರ್ಕಿಂಗ್ ಹೊತ್ತಬಹುದು, ಏನೂ ಹೊತ್ತದೆಯೂ ಇರಬಹುದು.

ಹಾಗಾದರೆ ಕಂಪನಿಯ ಸ್ವಿಚ್ಚಿನಿಂದ ನಡೆಸಲು ಆಗುವುದೇ ಇಲ್ಲವೇ? ಆಗುತ್ತದೆ. ಸ್ವಿಚ್ಚಿನ ಹಿಂದೆ ಕೈ ಹಾಕಬಾರದು, ಅಷ್ಟೇ. ಸ್ವಿಚ್ಚಿನ ಮಾತು ಕೇಳಿ ಕಂಪ್ಯೂಟರ್ ಹೊತ್ತಿಸುವ ದೀಪದ ಬಳಿ, ಅಂದರೆ ಬಲ್ಬಿನ ಕನೆಕ್ಟರಿನಲ್ಲಿ ಅಥವಾ ಆ ದೀಪದ ಫ್ಯೂಸಿನಲ್ಲಿ ಅಪ್ಪಣೆ ತೆಗೆಯಿರಿ. ಫ್ಯೂಸಿನ ಜಾಗದಲ್ಲಿ ಕೂತು ಪಕ್ಕದಿಂದ ಇನ್ನೊಂದು ವೈರು ಕೊಡುವ ಜೋಡಿ ಫ್ಯೂಸ್ ಹೋಲ್ಡರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ 3 ಆಂಪಿಯರ್ ಫ್ಯೂಸು ಹಾಕಿದರೆ ಅಪ್ಪಣೆಯ ವೈರಿಗೂ ಕಾವಲು ಸಿಕ್ಕಿತು, ಕಂಪನಿಯ ವೈರೊಂದನ್ನೂ ಕತ್ತರಿಸಿದಂತಾಗಲಿಲ್ಲ. ವಾರಂಟಿ ಇರುವ ಗಾಡಿಗೆ ಇದು ಮುಖ್ಯ.

ಅಲ್ಲೂ ಒಂದು ಪರೀಕ್ಷೆ ಬೇಕು. ಕೆಲವು ಕಂಪ್ಯೂಟರ್‌ಗಳು ದೀಪಕ್ಕೆ ಕರೆಂಟನ್ನು ಒಂದೇ ಸಮ ಕೊಡುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡುತ್ತಾ ಕೊಡುತ್ತವೆ. ಹಗಲಿನಲ್ಲಿ ಹೊತ್ತುವ ಡಿಆರ್‌ಎಲ್‌ನಲ್ಲಿ ಇದು ಸಾಮಾನ್ಯ. ಕಣ್ಣಿಗೆ ಅದು ಮಂದ ಬೆಳಕಿನಂತೆ ಕಾಣುತ್ತದೆ, ಮೀಟರಿನಲ್ಲಿ 12ರ ಬದಲು 7 ಅಥವಾ 8 ವೋಲ್ಟ್ ಕಾಣುತ್ತದೆ. ಆ ವೈರಿಗೆ ರಿಲೇ ಕೊಟ್ಟರೆ ಅದು ಜೇನಿನ ಹಾಗೆ ಗುಂಯ್ಗುಟ್ಟುತ್ತದೆ, ಮೂತಿಗಳು ಬೇಗ ಸುಟ್ಟುಹೋಗುತ್ತವೆ. ಎಂಜಿನ್ ಚಾಲೂ ಇಟ್ಟು ಅಳೆದಾಗ ಬ್ಯಾಟರಿಯ ವೋಲ್ಟೇಜೇ ಬರುವ ವೈರನ್ನು ಮಾತ್ರ ಆರಿಸಿಕೊಳ್ಳಿ.

ಎಲ್‌ಇಡಿ ದೀಪಕ್ಕೆ ರಿಲೇ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. 20 ವ್ಯಾಟಿನ ಎರಡು ಎಲ್‌ಇಡಿ ಸೇರಿ 3.3 ಆಂಪಿಯರ್, ಹಳೆಯ ಸ್ವಿಚ್ಚು ತಡೆದುಕೊಳ್ಳಬಹುದು. ನಾನಾದರೆ ಆಗಲೂ ರಿಲೇ ಹಾಕುತ್ತೇನೆ. ನಾಳೆ ದೀಪ ಬದಲಾಯಿಸಿದರೆ ವೈರಿಂಗ್ ಬದಲಾಯಿಸಬೇಕಾಗಿಲ್ಲ, ಮತ್ತು ಹೊಸ ಗಾಡಿಯ ಕಂಪ್ಯೂಟರಿನ ಮೇಲೆ ಆ 3.3 ಆಂಪಿಯರೂ ಬೀಳುವುದು ಬೇಡ.

ಫ್ಯೂಸು, ವೈರು, ಅರ್ತ್

ಫ್ಯೂಸು ಕಾಯುವುದು ದೀಪವನ್ನಲ್ಲ, ವೈರನ್ನು. ಆದ್ದರಿಂದ ಅದು ಬ್ಯಾಟರಿಯ ಹತ್ತಿರ ಇರಬೇಕು, ಪಾಸಿಟಿವ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ. ದೀಪದ ಪಕ್ಕದಲ್ಲಿ ಫ್ಯೂಸು ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಅಷ್ಟೂ ವೈರಿಗೆ ಕಾವಲಿಲ್ಲ; ಎಲ್ಲೋ ತಗಡಿಗೆ ಉಜ್ಜಿ ಇನ್ಸುಲೇಶನ್ ಹರಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲಿ ಬೆಂಕಿಯಾಗುತ್ತದೆ. 55 ವ್ಯಾಟಿನ ಜೋಡಿಗೆ 2.5 ಚದರ ಮಿಲಿಮೀಟರ್ ವೈರು, 15 ಆಂಪಿಯರಿನ ನೀಲಿ ಫ್ಯೂಸು. ಫ್ಯೂಸು ಪದೇ ಪದೇ ಹೋದರೆ 30ರ ಹಸಿರು ಫ್ಯೂಸು ತುರುಕಬೇಡಿ, ಯಾಕೆ ಹೋಗುತ್ತಿದೆ ಎಂದು ಹುಡುಕಿ. ಬಾನೆಟ್ಟಿನೊಳಗೆ ಬ್ಯಾಟರಿಯ ಪಕ್ಕದಲ್ಲೇ ರಿಲೇ ಇಟ್ಟರೆ ದೀಪದವರೆಗಿನ ದಾರಿ 2 ಮೀಟರ್ ಆದೀತು. ಆಗ ಕಳೆದುಹೋಗುವುದು 1 ವೋಲ್ಟ್ ಅಲ್ಲ, ಸುಮಾರು 0.14 ವೋಲ್ಟ್.

ಅರ್ತನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ದೀಪಕ್ಕೆ ಹೋದ 9.2 ಆಂಪಿಯರೂ ಅರ್ತಿನ ದಾರಿಯಲ್ಲೇ ವಾಪಸ್ಸು ಬರಬೇಕು, ಆದ್ದರಿಂದ ಅದೂ ಅಷ್ಟೇ ದಪ್ಪದ ವೈರು. ಬಣ್ಣ ಕೆರೆದು, ಬರಿ ಲೋಹಕ್ಕೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಕೂರಿಸಿ, ಮೇಲೆ ಗ್ರೀಸು ಹಚ್ಚಿ. ನಿಂತಾಗ ಎಂಜಿನ್ ತಾನಾಗಿ ಆಫ್ ಆಗುವಂಥ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಕರೆಂಟು ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಗಾಡಿಯಲ್ಲಿ ಅರ್ತ್ ವೈರನ್ನು ಆ ಟರ್ಮಿನಲ್ಲಿಗೆ ಕಟ್ಟದೆ ಗಾಡಿಯ ಲೋಹದ ಮೈಗೆ ಕಟ್ಟಿ, ಇಲ್ಲವಾದರೆ ಹೊಸ ದೀಪದ ಖರ್ಚು ಸೆನ್ಸರಿಗೆ ಗೊತ್ತಾಗುವುದಿಲ್ಲ.

ಹೆರೆದು ಸುತ್ತಿ ಟೇಪು ಹಾಕಿದ ಜೋಡಣೆ ನಮ್ಮ ಮಳೆಗೆ ಒಂದು ಆಷಾಢ ದಾಟುವುದಿಲ್ಲ. ಟೇಪಿನ ಅಂಟು ಬಿಡುತ್ತದೆ, ತಾಮ್ರ ಹಸಿರುಗಟ್ಟುತ್ತದೆ, ತಡೆ ಏರುತ್ತದೆ. ವೈರಿನ ಮೇಲೆ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳೂ ಅಷ್ಟೇ, ಒಳಗೆ ನೀರು ಕೂರುತ್ತದೆ. ಸರಿಯಾದ ಲಗ್ ಹಾಕಿ ಇಕ್ಕಳದಿಂದ ಗಟ್ಟಿಯಾಗಿ ಕ್ರಿಂಪ್ ಮಾಡಿ, ಮೇಲೆ ಒಳಮೈಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಎಳೆಯಿರಿ. ಕ್ಯಾಬಿನ್ನಿಗೆ ಹೋಗುವ ವೈರು ತಗಡನ್ನು ದಾಟುವ ಕಡೆ ರಬ್ಬರ್ ಬುಷ್ ಇರಲೇಬೇಕು. ಕೆಲಸ ಶುರು ಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಹಾಕಿ.

ಕಾನೂನಿನ ಮಾತು ಚಿಕ್ಕದು, ಆದರೆ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪವನ್ನು ಬದಲಿಸುವುದಕ್ಕೆ ಮಿತಿ ಹಾಕುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದಂತೆ ಮುಂಭಾಗದಲ್ಲಿ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವಂತಿಲ್ಲ. ವಿಶೇಷ ಸಂದರ್ಭಕ್ಕೆ ಬೇಕಿದ್ದರೆ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಬೇಕು. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕಲು ಶುರು ಮಾಡಿದ್ದು ಸರಿಯಾದದ್ದೇ. ತೋಟದೊಳಗೆ, ಕಾಡುದಾರಿಯಲ್ಲಿ ಬೇಕೆಂದು ಬಾನೆಟ್ಟಿನ ಮೇಲೆ ಸಾಲುದೀಪ ಕಟ್ಟಿದವರು ಹೆದ್ದಾರಿಗೆ ಬಂದಾಗಲೂ ಅದನ್ನು ಹೊತ್ತಿಸಿಕೊಂಡೇ ಬರುವುದನ್ನು ನಾನು ದಿನವೂ ನೋಡುತ್ತೇನೆ. ಎದುರಿನವನಿಗೆ ಆ ಕ್ಷಣ ರಸ್ತೆಯೇ ಇರುವುದಿಲ್ಲ.

ಫಾಗ್ ಲ್ಯಾಂಪನ್ನು ಗೋಡೆಯ ಮುಂದೆ ಸರಿಹೊಂದಿಸಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿದರೆ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳಬೇಕು. ಗಾಡಿಯಲ್ಲಿ ಮಾಮೂಲಿ ಎಷ್ಟು ಜನ, ಎಷ್ಟು ಸಾಮಾನು ಇರುತ್ತದೋ ಅಷ್ಟನ್ನೂ ತುಂಬಿಕೊಂಡು ನೋಡಿ, ಹಿಂದೆ ಭಾರ ಕೂತರೆ ಗಾಡಿಯ ಮೂತಿ ಮೇಲೇಳುತ್ತದೆ.

ಕೆಲಸ ಮುಗಿಸಿ ಎಲೆಕ್ಟ್ರಿಷಿಯನ್ನರಿಗೆ ದುಡ್ಡು ಕೊಡುವ ಮುನ್ನ ಮೀಟರ್ ಕೇಳಿ. ಎಂಜಿನ್ ಚಾಲೂ, ದೀಪ ಹೊತ್ತಿರಬೇಕು. ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ ಒಮ್ಮೆ, ದೀಪದ ಎರಡು ವೈರುಗಳ ನಡುವೆ ಒಮ್ಮೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ವೈರಿಂಗ್ ಸರಿ ಇದೆ. ಹೆಚ್ಚಿದ್ದರೆ ಬ್ಯಾಟರಿಯ ನೆಗೆಟಿವ್‌ಗೂ ದೀಪದ ಅರ್ತಿಗೂ ನಡುವೆ ಅಳೆಯಿರಿ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಬಂದರೆ ತೊಂದರೆ ಅರ್ತಿನಲ್ಲಿ, ಬಾರದಿದ್ದರೆ ಪಾಸಿಟಿವ್ ಕಡೆಯ ಯಾವುದೋ ಜೋಡಣೆಯಲ್ಲಿ. ಅರ್ಧ ಗಂಟೆ ಹೊತ್ತಿಸಿಟ್ಟು ಫ್ಯೂಸ್ ಹೋಲ್ಡರನ್ನೂ ರಿಲೇಯ ಸಾಕೆಟ್ಟನ್ನೂ ಮುಟ್ಟಿ ನೋಡಿ. ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಬಿಸಿ ಇರಬಾರದು. ಆಮೇಲೆ ಫ್ಯೂಸ್ ಡಬ್ಬಿಯ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ: ಯಾವ ಬಣ್ಣದ ವೈರು ಎಲ್ಲಿಗೆ ಹೋಗಿದೆ, ಫ್ಯೂಸು ಎಷ್ಟು ಆಂಪಿಯರ್, ಅಪ್ಪಣೆ ತೆಗೆದದ್ದು ಎಲ್ಲಿಂದ. ನನ್ನ ಜೀಪಿನಲ್ಲಿ ಅದು ಪೆನ್ಸಿಲಿನಲ್ಲಿ ಬರೆದ ಚೀಟಿ, ಮೇಲೆ ಪಾರದರ್ಶಕ ಟೇಪು. ಶಾಯಿ ಮಳೆಗೆ ಹರಡಿಹೋಗುತ್ತದೆ.